ಭಾವನ ಕಾರಿಗೆ ಹಿಡಿಯದ ತುಕ್ಕು

ನೀರುದೋಸೆ ಗಂಟಲಲ್ಲಿ ಸಿಕ್ಕಿಕೊಳ್ಳುವಂಥ ತಿಂಡಿಯಲ್ಲ. ಆದರೂ ಆ ಭಾನುವಾರ ಬೆಳಿಗ್ಗೆ ನನಗೆ ಸಿಕ್ಕಿಕೊಂಡಿತು. ಮೂರು ತಿಂಗಳಲ್ಲಿ ಮದುವೆಯಾಗಲಿದ್ದ ಮಗಳು ಎದುರು ಕೂತು ಚಟ್ನಿ ಬಡಿಸಿಕೊಳ್ಳುತ್ತಾ ಹೇಳಿದಳು, "ಅಪ್ಪ, ದಿಬ್ಬಣಕ್ಕೆ ನನಗೆ ಮಾವನ ಕಾರು ಸಾಕು."

ಮಾವ ಎಂದರೆ ನನ್ನ ಹೆಂಡತಿಯ ಅಣ್ಣ, ನನಗೆ ಭಾವ. ಅವರೂ ನನ್ನನ್ನು ಕರೆಯುವುದು ಭಾವ ಎಂದೇ. ಮೂಡುಬಿದಿರೆಯ ಹತ್ತಿರ ಪುತ್ತಿಗೆಯಲ್ಲಿ ಮನೆ. ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಅವರ ಹತ್ತಿರ ಒಂದು ಹಳೆಯ ಅಂಬಾಸಿಡರ್ ಉಂಟು. ನನ್ನ ಹತ್ತಿರವೂ ಒಂದು ಉಂಟು. ಎರಡೂ ಒಂದೇ ವರ್ಷದವು. ಎರಡೂ ಬೆಳ್ತಂಗಡಿ ಕಡೆಯ ಒಂದೇ ಮನೆಯ ಶೆಡ್ಡಿನಿಂದ ಒಂದೇ ದಿನ ಹೊರಟು ಬಂದವು. ಎರಡರ ವ್ಯಾಪಾರ ಕುದುರಿಸಿದವನೂ ನಾನೇ.

"ಯಾಕೆ, ನನ್ನ ಕಾರಿಗೆ ಎಂತ ಆಗಿದೆ?" ಎಂದೆ.

"ಬೇಜಾರು ಮಾಡ್ಬೇಡಿ. ಧರ್ಮಸ್ಥಳಕ್ಕೆ ಹೋದ ದಿನ ನೆನಪುಂಟಾ?"

ನೆನಪಿತ್ತು. ಜುಲೈ ತಿಂಗಳು. ರಸ್ತೆಯ ಹೊಂಡದಲ್ಲಿ ನಿಂತ ನೀರಿಗೆ ಚಕ್ರ ಇಳಿದದ್ದೇ ತಡ, ಹಿಂದಿನ ಸೀಟಿನ ಕೆಳಗಿನಿಂದ ಕೆಂಪು ನೀರು ಚಿಮ್ಮಿ ಅವಳ ಬಿಳಿ ಸೀರೆಯ ಅಂಚಿಗೆ ಬಡಿದಿತ್ತು. ತುಕ್ಕಿನ ಕಲೆ. ನಿಂಬೆಹುಳಿ ಹಾಕಿದರೂ ಹೋಗಲಿಲ್ಲ, ಉಪ್ಪು ಹಾಕಿದರೂ ಹೋಗಲಿಲ್ಲ.

"ಮದುವೆ ಸೀರೆಗೆ ಹಾಗೆ ಆದ್ರೆ?" ಎಂದಳು.

ಒಳಗಿನಿಂದ ಹೆಂಡತಿಯ ಸ್ವರ ಬಂತು. "ಅವಳು ಹೇಳಿದ್ದು ಸರಿಯೇ. ನಮ್ಮ ಅಣ್ಣನ ಕಾರಿನ ನೆಲಕ್ಕೆ ಎಲೆ ಹಾಕಿ ಊಟ ಬಡಿಸ್ಬಹುದು. ನಿಮ್ಮದರಲ್ಲಿ ಕಾಲು ಇಡ್ಬೇಕಾದ್ರೂ ದೇವರಿಗೆ ಕೈ ಮುಗೀಬೇಕು."

ನಾವು ಮನೆಯಲ್ಲಿ ಆಡುವುದು ತುಳು. ಇಲ್ಲಿ ಕನ್ನಡಕ್ಕೆ ತಂದು ಬರೆದಿದ್ದೇನೆ. ಹೆಂಡತಿಯ ಮಾತಿನ ಖಾರ ಅರ್ಧಕ್ಕರ್ಧ ದಾರಿಯಲ್ಲೇ ಚೆಲ್ಲಿಹೋಗಿದೆ ಎಂದು ತಿಳಿಯಬೇಕು.

ನನಗೆ ಉರಿದದ್ದು ಯಾಕೆಂದು ಹೇಳಬೇಕು. ನಮ್ಮಲ್ಲಿ ಮದುವೆಯೆಂದರೆ ಸೋದರಮಾವನಿಗೇ ಮೊದಲ ಮರ್ಯಾದೆ. ಹುಡುಗಿಯನ್ನು ಕೈಹಿಡಿದು ಮಂಟಪಕ್ಕೆ ಕರೆದುಕೊಂಡು ಬರುವವರು ಅವರು. ಹಿರಿಯರು ಎಲ್ಲಿದ್ದಾರೆ ಎಂದು ಪುರೋಹಿತರು ಕೇಳಿದರೆ ಎಲ್ಲರ ಕಣ್ಣು ತಿರುಗುವುದು ಅವರ ಕಡೆಗೆ. ಅಪ್ಪ ಎಂಬವನು ಹಾಲ್ ಗೊತ್ತು ಮಾಡಿ, ಅಡುಗೆಯವರೊಂದಿಗೆ ಚರ್ಚೆ ಮಾಡಿ, ಕೊನೆಗೆ ಬಾಳೆ ಎಲೆ ಸಾಲುತ್ತದಾ ಎಂದು ನೋಡುತ್ತಾ ನಿಂತಿರುತ್ತಾನೆ. ಅದು ನಮ್ಮ ಕ್ರಮ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮನೆಯಿಂದ ಹಾಲ್‌ವರೆಗಿನ ದಾರಿಯಲ್ಲಿ ಮಗಳು ಕೂರುವ ಕಾರು ನನ್ನದಾಗಬೇಕು ಎಂಬುದು ಅವಳು ಹುಟ್ಟಿದಾಗಿನಿಂದ ನನ್ನ ಆಸೆ. ಅದನ್ನೂ ಭಾವನೇ ಕೊಂಡುಹೋದರೆ ನನಗೆ ಉಳಿಯುವುದೇನು?

ಅದಕ್ಕಿಂತ ದೊಡ್ಡ ಉರಿ ಇನ್ನೊಂದಿತ್ತು. ನಾನು ಕಬ್ಬಿಣದಿಂದ ಮೇಲೆ ಬಂದವನು. ಸೈಕಲ್ಲಿನ ಹಿಂದೆ ಗೋಣಿ ಕಟ್ಟಿಕೊಂಡು ಮನೆಮನೆಗೆ ಹೋಗಿ ಒಡಕು ಕೊಡಪಾನ, ತುಂಡಾದ ಪಿಕ್ಕಾಸು, ಹಳೆಯ ಪಂಪು ಕೊಂಡು ಗುಜರಿ ವ್ಯಾಪಾರ ಶುರು ಮಾಡಿದೆ. ಇವತ್ತು ಮೆಲ್ಕಾರಿನಲ್ಲಿ ನನ್ನದೇ ಅಂಗಡಿ, ಹಿಂದೆ ವಿಶಾಲವಾದ ಜಾಗ. ಒಂದು ತಗಡನ್ನು ಬೆರಳಿನಿಂದ ತಟ್ಟಿದರೆ ಒಳಗೆ ಎಷ್ಟು ಜೀವ ಉಂಟೆಂದು ಹೇಳಬಲ್ಲೆ. ಅಂಥವನ ಕಾರಿಗೆ ತುಕ್ಕು. ಸೀಮೆಸುಣ್ಣ ಬಿಟ್ಟು ಬೇರೇನೂ ಹಿಡಿಯದ ಮನುಷ್ಯನ ಕಾರು ಕನ್ನಡಿಯ ಹಾಗೆ.

ಆ ಕಾರುಗಳನ್ನು ಕೊಂಡ ದಿನದ ಕಥೆ ಹೇಳದಿದ್ದರೆ ಇದು ಅರ್ಥವಾಗಲಿಕ್ಕಿಲ್ಲ. ಹದಿನೈದು ವರ್ಷದ ಹಿಂದಿನ ಮಾತು. ಬೆಳ್ತಂಗಡಿ ಕಡೆಯ ಆ ಮನೆಯವರು ಎರಡೂ ಕಾರು ಮಾರುತ್ತಾರೆ ಎಂಬ ಸುದ್ದಿ ಬಂದಾಗ ಭಾವನನ್ನೂ ಕರೆದುಕೊಂಡು ಹೋದೆ. ಒಂದು ಬಿಳಿ, ಆಗತಾನೇ ಬಣ್ಣ ಹೊಡೆಸಿದ್ದು, ಥಳಥಳ. ಇನ್ನೊಂದು ಕಡುನೀಲಿ, ಮಂಕು ಹಿಡಿದದ್ದು, ಅಲ್ಲಲ್ಲಿ ಬಣ್ಣ ಕೆದರಿ ತಗಡು ಕಾಣುತ್ತಿತ್ತು. ಬಿಳಿಯ ಮೇಲೆ ನನ್ನ ಕಣ್ಣು ಬಿದ್ದಾಗಿತ್ತು.

ಹಳೆಯ ಕಾರು ನೋಡಲು ಹೋಗುವವರಿಗೆ ನನ್ನ ಮೊದಲ ಸಲಹೆ ಇದು: ಕಿಸೆಯಲ್ಲಿ ಒಂದು ಅಯಸ್ಕಾಂತ ಇರಲಿ, ಅದನ್ನು ಕರವಸ್ತ್ರದಲ್ಲಿ ಸುತ್ತಿರಲಿ. ಬಾಗಿಲಿನ ಕೆಳಗಿನ ಅಂಚು, ಚಕ್ರದ ಮೇಲಿನ ಕಮಾನು, ಡಿಕ್ಕಿಯ ಮೂಲೆ, ಇಲ್ಲೆಲ್ಲ ಅದನ್ನು ಆಡಿಸಬೇಕು. ಹಿಡಿದುಕೊಂಡರೆ ತಗಡು. ಜಾರಿ ಬಿದ್ದರೆ ಒಳಗೆ ತುಕ್ಕು, ಅದನ್ನು ಮುಚ್ಚಲು ಗಾರೆಯ ಹಾಗೆ ಮೆತ್ತಿದ ಪುಟ್ಟಿ, ಅದರ ಮೇಲೆ ಬಣ್ಣ. ನಾನು ಭಾವನ ಎದುರು ಅಯಸ್ಕಾಂತವನ್ನು ನೀಲಿ ಕಾರಿನ ಮೇಲೆಲ್ಲ ಆಡಿಸಿ ತೋರಿಸಿದೆ. ಎಲ್ಲ ಕಡೆ ಟಪ್ ಟಪ್ ಎಂದು ಹಿಡಿಯಿತು.

"ನೋಡಿ ಭಾವ, ಗಟ್ಟಿ ತಗಡು. ಚಂದ ಇಲ್ಲ ಅಷ್ಟೇ. ನೀವು ಇದನ್ನು ತಗೊಳ್ಳಿ," ಎಂದೆ.

"ನೀವು ಹೇಳಿದ್ರೆ ಆಯ್ತು ಭಾವ. ನನಗೆ ಇದೆಲ್ಲ ಎಲ್ಲಿ ಗೊತ್ತಾಗ್ತದೆ," ಎಂದರು ಅವರು.

ಬಿಳಿ ಕಾರಿನ ಮೇಲೆ ಮಾತ್ರ ನಾನು ಅಯಸ್ಕಾಂತ ಇಡಲಿಲ್ಲ. ಪರೀಕ್ಷೆಗೆ ಶುರು ಮಾಡಿದರೆ ಮಾತು ಬೆಳೆದು, ಭಾವನಿಗೂ ಬಿಳಿಯೇ ಇಷ್ಟವಾದೀತು ಎಂಬ ಹೆದರಿಕೆ. ಬೇಗ ಕೈ ಕುಲುಕಿ, ಬೇಗ ಕೀ ತೆಗೆದುಕೊಂಡೆ. ಬೇರೆಯವರ ಪರವಾಗಿ ಮಾಡಿದ ವ್ಯಾಪಾರದಲ್ಲಿ ಎಂದೂ ಮೋಸ ಹೋಗದ ನಾನು ನನ್ನದೇ ವ್ಯಾಪಾರದಲ್ಲಿ ಕಣ್ಣು ಮುಚ್ಚಿಕೊಂಡೆ.

ಬರುವ ದಾರಿಯಲ್ಲಿ ಗುರುವಾಯನಕೆರೆಯ ಒಂದು ಹೋಟೆಲಿನಲ್ಲಿ ಚಾ ಕುಡಿಯುವಾಗ ಮನಸ್ಸಿನಲ್ಲಿ ಸ್ವಲ್ಪ ಅಳುಕು. ಮಂಕು ಕಾರನ್ನು ಅವರ ತಲೆಗೆ ಕಟ್ಟಿದೆನಲ್ಲ, ಸಮಾಧಾನಕ್ಕೆ ನಾಲ್ಕು ಉಪದೇಶವನ್ನಾದರೂ ಕೊಡುವ ಎಂದು ತುಕ್ಕಿನ ಬಗ್ಗೆ ಒಂದು ಗಂಟೆ ಭಾಷಣ ಬಿಗಿದೆ. ಅವರು ಕಿಸೆಯಿಂದ ಸಣ್ಣ ಪುಸ್ತಕ ತೆಗೆದು ಏನೋ ಗೀಚುತ್ತಿದ್ದರು. ಮಾಸ್ಟ್ರ ಚಾಳಿ ಎಂದು ನಕ್ಕೆ.

ಮೊದಲ ಎರಡು ಮಳೆಗಾಲ ಬಿಳಿ ಕಾರು ರಾಜನ ಹಾಗಿತ್ತು. ಮೂರನೆಯದರಲ್ಲಿ ಬಾಗಿಲಿನ ಕೆಳಗೆ ಬಣ್ಣ ಉಬ್ಬಿತು, ಸುಟ್ಟ ಹಪ್ಪಳದ ಹಾಗೆ ಸಣ್ಣ ಸಣ್ಣ ಗುಳ್ಳೆ. ಮೇಲಿಂದ ಬಿಳಿ ಬಣ್ಣ ಹೊಡೆಸಿದೆ. ಮರುವರ್ಷ ಮತ್ತೆ ಉಬ್ಬಿತು, ಮತ್ತೆ ಹೊಡೆಸಿದೆ. ಬಾಗಿಲಿನ ಅಡಿಯಲ್ಲಿ ನೀರು ಇಳಿದುಹೋಗಲಿಕ್ಕೆಂದೇ ಸಣ್ಣ ತೂತುಗಳಿರುತ್ತವೆ. ಇರುವೆ ಹತ್ತುತ್ತದೆ ಎಂದು ಪೈಪಿಗೆ ಮೆತ್ತುವ ಅಂಟು ಹಾಕಿ ಅವನ್ನು ನಾನೇ ಮುಚ್ಚಿದೆ. ಕಾರಿಗೆ ಹೊದಿಸಲು ಅಡಿಕೆ ಅಂಗಳದ ಹಳೆಯ ಪ್ಲಾಸ್ಟಿಕ್ ಟಾರ್ಪಾಲು ಸಿಕ್ಕಿತು. ಯಾವುದೋ ವ್ಯಾಪಾರದಲ್ಲಿ ಕೊಸರಿಗೆ ಬಂದದ್ದು. ಬಿಟ್ಟಿ ಬಂದದ್ದನ್ನು ಬಿಸಾಡುವುದು ನನ್ನ ಜಾತಕದಲ್ಲೇ ಇಲ್ಲ. ಹೊದಿಸಿದೆ. ಒಳಗೆ ಕಾರು ಹಬೆಯಲ್ಲಿಟ್ಟ ಕಡುಬಿನ ಹಾಗೆ ಬೆವರುತ್ತಿತ್ತು.

ಅತ್ತ ಭಾವನ ನೀಲಿ ಕಾರು ವರ್ಷ ಹೋದಷ್ಟೂ ಹೊಳೆಯತೊಡಗಿತು. ಮೂಡುಬಿದಿರೆಯ ಕಡೆ ಯಾರದ್ದೇ ಮದುವೆಯಿರಲಿ, ಆ ಕಾರನ್ನು ಕೇಳುತ್ತಿದ್ದರು. ಅವರು ಬಾಡಿಗೆ ತೆಗೆದುಕೊಳ್ಳುತ್ತಿರಲಿಲ್ಲ, ಅದು ಇನ್ನೊಂದು ಕಿರಿಕಿರಿ. ನನ್ನ ಅಂಗಡಿಗೆ ಬರುವ ಗಿರಾಕಿಗಳೂ ಸುಮ್ಮನಿರಲಿಲ್ಲ.

"ನಿಮ್ಮ ಭಾವನ ಕಾರು ನೋಡಿದೆ ಮಾರಾಯ್ರೆ! ಎಂಥಾ ಕಾರು! ನಿಮ್ಮಲ್ಲೂ ಒಂದು ಇತ್ತಲ್ವಾ, ಕೊಟ್ರಾ?"

ಕೊಟ್ಟಿರಲಿಲ್ಲ. ಟಾರ್ಪಾಲಿನ ಅಡಿಯಲ್ಲಿತ್ತು.

ನಾನು ಕಾರಣ ಹುಡುಕಿದೆ. ಪುತ್ತಿಗೆಯ ಗಾಳಿ ಒಣ ಎಂದೆ. ಮೆಲ್ಕಾರಿನಲ್ಲಿ ಹೆದ್ದಾರಿ, ಮೀನಿನ ಲಾರಿಗಳಿಂದ ದಾರಿಯುದ್ದಕ್ಕೂ ಉಪ್ಪುನೀರು ಸುರಿಯುತ್ತದೆ, ಅದು ನನ್ನ ಕಾರಿನ ಹೊಟ್ಟೆಗೆ ಬಡಿಯುತ್ತದೆ ಎಂದೆ. ಅದು ಸುಳ್ಳಲ್ಲ. ಮೀನಿನ ಲಾರಿಯ ಹಿಂದೆ ಹೋಗಬೇಡಿ, ಹೋದರೆ ಅದೇ ದಿನ ಕಾರಿನ ಅಡಿಗೆ ಪೈಪಿನಲ್ಲಿ ನೀರು ಬಿಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಆದರೆ ಮನಸ್ಸಿನ ಒಳಗೆ ನಾನು ಅಂದುಕೊಳ್ಳುತ್ತಿದ್ದದ್ದು ಬೇರೆ. ಈ ಮನುಷ್ಯನಿಗೆ ಎಲ್ಲವೂ ಕೂತಲ್ಲಿಗೇ ಬರುತ್ತದೆ. ನೌಕರಿ ಬಂತು, ಪಿಂಚಣಿ ಬಂತು, ಕಂಡಲ್ಲೆಲ್ಲ "ಮಾಸ್ಟ್ರೇ" ಎಂದು ಎದ್ದು ನಿಲ್ಲುವ ಊರು ಬಂತು. ತುಕ್ಕೂ ಇವರನ್ನು ಕಂಡರೆ ಎದ್ದು ನಿಂತು ದಾರಿ ಬಿಡುತ್ತದೆ.

ಹಾಗಾಗಿ ಮಗಳು ಆ ಮಾತು ಹೇಳಿದಾಗ ನಾನು ದೋಸೆ ನುಂಗಿ ಹೇಳಿದೆ, "ಮೂರು ತಿಂಗಳು ಕೊಡು. ನಿನ್ನ ಮದುವೆಗೆ ನನ್ನ ಕಾರು ಹೊಸದಾಗದಿದ್ರೆ ಮತ್ತೆ ಮಾತಾಡುವ."

"ಆಯ್ತಪ್ಪ," ಎಂದಳು. ನಂಬಿಕೆಯ ಸ್ವರ ಅದಾಗಿರಲಿಲ್ಲ.

ಇಲ್ಲಿ ನಾನು ಮಾಡಿದ ಬುದ್ಧಿವಂತಿಕೆಯನ್ನು ಬರೆಯಲು ನಾಚಿಕೆಯಾಗುತ್ತದೆ. ತುಕ್ಕು ತೆಗೆಯುವ ದ್ರಾವಣ ಬಣ್ಣದ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕೆ ದುಡ್ಡು ಕೊಡಬೇಕು. ನನ್ನ ಗೋಡೌನಿನಲ್ಲಿ ಬೇರೊಂದು ಕ್ಯಾನ್ ಇತ್ತು. ಬೆಳ್ತಂಗಡಿ ಕಡೆಯ ಒಬ್ಬರು ರಬ್ಬರ್ ಶೀಟು ಮಾಡುವುದನ್ನು ನಿಲ್ಲಿಸಿದಾಗ ಅವರ ಹಳೆಯ ರೋಲರುಗಳನ್ನು ಗುಜರಿಗೆ ಕೊಂಡಿದ್ದೆ. ರಬ್ಬರ್ ಹಾಲು ಹೆಪ್ಪುಗಟ್ಟಲು ಹಾಕುವ ಆಸಿಡ್ ಒಂದು ಕ್ಯಾನ್ ಉಳಿದಿತ್ತು. ಅದನ್ನೂ ಕೊಸರಿಗೆ ಎತ್ತಿಕೊಂಡು ಬಂದಿದ್ದೆ. ಆಸಿಡ್ ಆಸಿಡೇ ತಾನೇ ಎಂದುಕೊಂಡೆ. ಕೈಗವಸು ಹಾಕಿ, ಮ್ಯಾಟು ಎತ್ತಿ, ಕಾರಿನ ನೆಲಕ್ಕೂ ಬಾಗಿಲಿನ ಅಂಚಿಗೂ ಬ್ರಷ್ಷಿನಲ್ಲಿ ಚೆನ್ನಾಗಿ ಬಳಿದೆ. ಅರ್ಧ ಗಂಟೆ ಬಿಟ್ಟು ಉಜ್ಜಿದರೆ, ಪವಾಡ! ಕೆಂಪೆಲ್ಲ ಹೋಗಿ ಬೆಳ್ಳಗಿನ ಕಬ್ಬಿಣ. ಫೋಟೋ ತೆಗೆದು ಮಗಳಿಗೆ ಕಳಿಸಿದೆ. "ಮಾವನಿಗೂ ತೋರಿಸು" ಎಂದು ಅಡಿಯಲ್ಲಿ ಬರೆದೆ.

ಆಸಿಡ್ ಹಾಕಿದ ಮೇಲೆ ಸೋಡಾಪುಡಿಯ ನೀರಿನಲ್ಲಿ ತೊಳೆದು, ಒರೆಸಿ, ಅದೇ ದಿನ ಪ್ರೈಮರ್ ಹಚ್ಚಬೇಕು. ಬೆತ್ತಲೆ ಕಬ್ಬಿಣ ನಮ್ಮ ಕರಾವಳಿಯ ಗಾಳಿಯಲ್ಲಿ ಒಂದು ದಿನವೂ ಸುಮ್ಮನಿರುವುದಿಲ್ಲ. ಇದು ನನಗೆ ಗೊತ್ತಿತ್ತು. ಆದರೆ ಅಷ್ಟರಲ್ಲಿ ಫೋನು ಬಂತು. ಧರ್ಮಸ್ಥಳದ ಹತ್ತಿರ ಒಂದು ವಸತಿಗೃಹದವರು ಹಳೆಯ ಕಬ್ಬಿಣದ ಮಂಚಗಳನ್ನು ಒಟ್ಟಿಗೆ ಮಾರುತ್ತಾರೆ, ತಡ ಮಾಡಿದರೆ ಬೇರೆಯವರು ಎತ್ತುತ್ತಾರೆ ಎಂದು. ಟಾರ್ಪಾಲು ಎಳೆದು ಹೋದೆ. ಮಂಚದ ವ್ಯಾಪಾರ ಮೂರು ದಿನ ಹಿಡಿಯಿತು. ಚೆನ್ನಾಗಿಯೇ ಆಯಿತು.

ಮರಳಿ ಬಂದು ಟಾರ್ಪಾಲು ಎತ್ತಿದರೆ ಕಾರಿನ ನೆಲ ಕಾವಿ ಬಳಿದ ಅಂಗಳದ ಹಾಗಿತ್ತು. ಮೊದಲು ಅಲ್ಲಲ್ಲಿ ಇದ್ದ ತುಕ್ಕು ಈಗ ಎಲ್ಲೆಲ್ಲೂ ಇತ್ತು. ಒಳಗೆ ಕಾಲಿಟ್ಟೆ. ಕಾಲು ನಿಲ್ಲಲಿಲ್ಲ. ಹಿಮ್ಮಡಿ ನೇರ ಕೆಳಗಿಳಿದು ಮಣ್ಣು ಮುಟ್ಟಿತು. ಕಾಲು ಎಳೆದುಕೊಂಡು ಬಗ್ಗಿ ನೋಡಿದರೆ, ಆ ತೂತಿನಲ್ಲಿ ಶೆಡ್ಡಿನ ನೆಲದ ಇರುವೆಸಾಲು ಕಂಡಿತು. ನಾನು ಯಾವ ಇರುವೆ ಬರಬಾರದೆಂದು ಬಾಗಿಲಿನ ತೂತು ಮುಚ್ಚಿದ್ದೆನೋ ಅವೇ ಇದ್ದಿರಬೇಕು.

ಮೆಲ್ಕಾರಿನಲ್ಲಿ ನನಗೆ ಗೊತ್ತಿರುವ ಒಬ್ಬ ಹಿರಿಯ ಟಿಂಕರ್ ಇದ್ದಾರೆ. ಕಾರಿನ ತಗಡು ತಟ್ಟಿ ಬೆಸೆಯುವುದರಲ್ಲಿ ಎತ್ತಿದ ಕೈ. ಅವರು ಬಂದು ಕಾರಿಗೆ ಒಂದು ಸುತ್ತು ಹಾಕಿದರು. ಸ್ಕ್ರೂಡ್ರೈವರಿನಿಂದ ಬಾಗಿಲಿಗೆ ಚುಚ್ಚಿದರು. ಪುಟ್ಟಿ ಗೋಡೆಯ ಗಾರೆಯ ಹಾಗೆ ಕಳಚಿ ಬಿತ್ತು.

"ಅಣ್ಣ, ಇದನ್ನು ನನ್ನ ಹತ್ರ ಯಾಕೆ ತೋರಿಸ್ತೀರಿ? ಗಾರೆ ಕೆಲಸದವರನ್ನು ಕರೀರಿ," ಎಂದರು. "ಇದ್ರಲ್ಲಿ ಕಬ್ಬಿಣ ಎಲ್ಲುಂಟು?"

"ತಮಾಷೆ ಬೇಡ ಮಾರಾಯ್ರೆ. ಮೇ ತಿಂಗಳಿಗೆ ಮದುವೆ."

"ಯಾವ ವರ್ಷದ ಮೇ?"

ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಬಸ್ಸು ಹತ್ತಿ ಪುತ್ತಿಗೆಗೆ ಹೋದೆ. ಸಹಾಯ ಕೇಳುವ ಉದ್ದೇಶ ನನಗಿರಲಿಲ್ಲ, ಸತ್ಯ ಹೇಳುತ್ತೇನೆ. ಇವರ ಗುಟ್ಟು ಏನೆಂದು ಪತ್ತೆ ಮಾಡಬೇಕು ಎಂದೇ ಹೋದದ್ದು. ಎಲ್ಲಿಂದಲೋ ವಿದೇಶಿ ಮದ್ದು ತರಿಸಿಕೊಳ್ಳುತ್ತಿರಬೇಕು, ಯಾರೋ ಹಳೆಯ ಶಿಷ್ಯ ಕಳಿಸುತ್ತಿರಬೇಕು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ.

ಹೋದಾಗ ಮನೆಯೆದುರು ನೀಲಿ ಕಾರಿನ ಅಡಿಯಿಂದ ಎರಡು ಕಾಲುಗಳು ಮಾತ್ರ ಕಾಣುತ್ತಿದ್ದವು. ಎಪ್ಪತ್ತು ದಾಟಿದ ಭಾವ ಗೋಣಿಯ ಮೇಲೆ ಅಂಗಾತ ಮಲಗಿ ಏನೋ ಬಳಿಯುತ್ತಿದ್ದರು. ಚುರುಕು ವಾಸನೆ ಮೂಗಿಗೆ ಬಡಿಯಿತು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು ಎಣ್ಣೆ. ಮಾಡಿನ ಮರಕ್ಕೆ ಗೆದ್ದಲು ಹಿಡಿಯದಂತೆ ನಮ್ಮ ಕಡೆ ಹಚ್ಚುವುದು ಅದನ್ನೇ. ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ.

"ಯಾರು, ಭಾವನಾ? ಬನ್ನಿ ಬನ್ನಿ. ಮುಟ್ಬೇಡಿ, ಸುಡ್ತದೆ," ಎಂದು ಕಾರಿನ ಅಡಿಯಿಂದಲೇ ಸ್ವರ ಬಂತು. ಹೊರಗೆ ಬಂದ ಮೇಲೆ ಅವರ ಮುಂಗೈ ನೋಡಿದೆ. ತೆಂಗಿನೆಣ್ಣೆ ಹಚ್ಚಿಕೊಂಡಿದ್ದರೂ ಹಳೆಯ ಸುಟ್ಟ ಕಲೆಗಳು, ಒಂದರ ಮೇಲೊಂದು, ಹದಿನೈದು ವರ್ಷದವು. ಹದಿನೈದು ವರ್ಷದಲ್ಲಿ ಎಷ್ಟೋ ಊಟಗಳಲ್ಲಿ ಅವರ ಪಕ್ಕದಲ್ಲೇ ಕೂತಿದ್ದೇನೆ. ಆ ಕೈ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಇದನ್ನು ಹಚ್ಚಬೇಕೂಂತ ನಿಮಗೆ ಯಾರು ಹೇಳಿದ್ದು?" ಎಂದು ಕೇಳಿದೆ. ಸ್ವರದಲ್ಲಿ ತನಿಖೆ ಇತ್ತು.

ಭಾವ ನಕ್ಕರು. "ಯಾರು ಹೇಳಿದ್ದಾ? ಒಳ್ಳೆ ಮಾತಾಯ್ತಲ್ಲ!" ಒಳಗೆ ಹೋಗಿ ಒಂದು ಪುಸ್ತಕ ತಂದರು. ಅಂಚು ಸವೆದ ಸಣ್ಣ ಡೈರಿ. ಮೊದಲ ಪುಟದ ಮೇಲೆ ಗುಂಡಗಿನ ಮಾಸ್ಟ್ರ ಅಕ್ಷರದಲ್ಲಿ 'ಭಾವ ಹೇಳಿದ್ದು' ಎಂದು ಬರೆದು ಅಡಿಗೆರೆ ಎಳೆದಿತ್ತು.

ಅದರ ಕೆಳಗೆ ಗುರುವಾಯನಕೆರೆಯಲ್ಲಿ ಚಾ ಕುಡಿಯುತ್ತಾ ನಾನು ಬಿಗಿದ ಭಾಷಣ, ಒಂದು ಮಾತೂ ಬಿಡದೆ. ಬಾಗಿಲಿನ ಅಡಿಯ ತೂತುಗಳಿಗೆ ತಿಂಗಳಿಗೊಮ್ಮೆ ತೆಂಗಿನಗರಿಯ ಹಿಡಿಸೂಡಿಯ ಕಡ್ಡಿ ಹಾಕಿ ಕೆಸರು ತೆಗೆಯುವುದು. ಮ್ಯಾಟು ನೆನೆದರೆ ಅದೇ ದಿನ ಎತ್ತಿ ಒಣಗಿಸುವುದು. ಪ್ಲಾಸ್ಟಿಕ್ ಹೊದಿಸಬಾರದು, ಹಳೆ ಸೀರೆಯಾದರೂ ಆದೀತು. ಬಣ್ಣ ಉಬ್ಬಿದರೆ ಮೇಲಿಂದ ಬಣ್ಣ ಹೊಡೆಯಬಾರದು, ಬಿಳಿ ತಗಡು ಕಾಣುವವರೆಗೆ ಕೆರೆದು, ಅದೇ ದಿನ ಪ್ರೈಮರ್. ಮಳೆಗಾಲಕ್ಕೆ ಮೊದಲು ಅಡಿಗೆ ಗೇರುಎಣ್ಣೆ. ಮುಂದಿನ ಪುಟಗಳಲ್ಲಿ ತಿಂಗಳು ತಿಂಗಳೂ ಸರಿ ಗುರುತು. ಹಾಜರಿ ಪುಸ್ತಕದ ಹಾಗೆ. ಒಂದು ತಿಂಗಳೂ ಗೈರುಹಾಜರಿಲ್ಲ.

"ನಿಮ್ಮ ಕಾರನ್ನೂ ನೀವು ಹೀಗೇ ನೋಡ್ತಿರ್ಬೇಕಲ್ವಾ," ಎಂದರು. ಕುಹಕವಿಲ್ಲ, ಕೊಂಕಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ.

ಬೇರೆಯವರ ಅದೃಷ್ಟದ ಮೇಲೆ ಹೊಟ್ಟೆಕಿಚ್ಚು ಪಡುವುದು ಸುಲಭ. ನನ್ನದೇ ಮಾತಿನ ಮೇಲೆ ಹೊಟ್ಟೆಕಿಚ್ಚು ಪಡುವುದು ನನಗೆ ಅಭ್ಯಾಸವಿರಲಿಲ್ಲ. ಸರಕು ನನ್ನದು, ಬಿಟ್ಟಿಯಾಗಿ ಕೊಟ್ಟದ್ದು. ಲಾಭ ಪೂರ್ತಿ ಅವರದ್ದು. ಇಂಥ ವ್ಯಾಪಾರವನ್ನು ನಾನು ಜೀವಮಾನದಲ್ಲಿ ಮಾಡಿರಲಿಲ್ಲ.

ಕೊನೆಗೆ ಆಸಿಡ್ಡಿನ ಕಥೆ ಹೇಳಿದೆ. ಅವರು ನಗಲಿಲ್ಲ. "ಎಷ್ಟು ದಿನ ಉಂಟು ಮದುವೆಗೆ? ನಾಳೆ ಬರ್ತೇನೆ. ಮಾಡುವ," ಎಂದರು.

ಬಂದರು. ವಾರಕ್ಕೆ ಎರಡು ಸಲ ಪುತ್ತಿಗೆಯಿಂದ ಮೆಲ್ಕಾರಿಗೆ ಬಂದು, ಟಿಂಕರರ ಪಕ್ಕ ಸ್ಟೂಲು ಹಾಕಿ ಕೂತರು. ಕೊಳೆತ ನೆಲವನ್ನು ಕತ್ತರಿಸಿ ತೆಗೆದರು. ಹೊಸ ತಗಡು ಬೆಸೆದರು. ಬೆಸುಗೆ ಹಾಕಿದಲ್ಲೆಲ್ಲ ಭಾವ ಸ್ಯಾಂಡ್ ಪೇಪರ್ ಹಿಡಿದು ಉಜ್ಜಿದರು. ನಾನು ಮಾತಾಡುತ್ತಿದ್ದೆ. ಅವರು ಉಜ್ಜುತ್ತಿದ್ದರು. ಟಿಂಕರ್ ನನ್ನ ಮುಖ ನೋಡಿ ಹೇಳಿದರು, "ಅಣ್ಣ, ಮಾಸ್ಟ್ರು ನೀವಾ ಅವರಾ?"

ಆದರೂ ಮುಗಿಯಲಿಲ್ಲ. ಒಂದು ಕಡೆ ಬಿಚ್ಚಿದರೆ ಇನ್ನೊಂದು ಕಡೆ ತುಕ್ಕು. ಮದುವೆಯ ಹಿಂದಿನ ದಿನ ನನ್ನ ಕಾರು ಬಾಗಿಲುಗಳಿಲ್ಲದೆ ನಾಲ್ಕು ಮರದ ದಿಮ್ಮಿಗಳ ಮೇಲೆ ನಿಂತಿತ್ತು. ಮಗಳು ಅಂಗಡಿಯ ಹಿಂದೆ ಬಂದು ನೋಡಿದಳು. ನಾನು ಆಚೆ ನೋಡಿದೆ.

"ಅಪ್ಪ, ಕಾರು ಎಲ್ಲಿಗೂ ಓಡಿಹೋಗುದಿಲ್ಲ," ಎಂದಳು.

"ಓಡ್ಲಿಕ್ಕೆ ಚಕ್ರವೇ ಇಲ್ಲ," ಎಂದೆ.

ಮದುವೆ ಮೂಡುಬಿದಿರೆಯ ಒಂದು ಹಾಲ್‌ನಲ್ಲಿ. ಬೆಳಿಗ್ಗೆ ನೀಲಿ ಕಾರು ಮಲ್ಲಿಗೆ ಮಾಲೆ ಹಾಕಿಕೊಂಡು ನಮ್ಮ ಅಂಗಳಕ್ಕೆ ಬಂತು. ಭಾವ ಇಳಿದು ಕೀಯನ್ನು ನನ್ನ ಕೈಯಲ್ಲಿಟ್ಟರು. "ನೀವು ಓಡಿಸಿ ಭಾವ. ನಾನು ಹಿಂದೆ ಮದುಮಗಳ ಹತ್ರ ಕೂತ್ಕೊಳ್ತೇನೆ." ಇದು ಔದಾರ್ಯವೋ, ಮಂಟಪದ ಮರ್ಯಾದೆಗೆ ಈಗಿನಿಂದಲೇ ಸ್ಥಾನ ಹಿಡಿಯುವುದೋ ಎಂದು ಮನಸ್ಸು ಕೇಳಿತು. ಕೀ ತೆಗೆದುಕೊಂಡೆ.

ಆ ಕಾರನ್ನು ನಾನು ಅದಕ್ಕೆ ಮೊದಲು ಓಡಿಸಿರಲಿಲ್ಲ. ಬಾಗಿಲು ಹಾಕಿದರೆ ಕಬ್ಬಿಣದ ಪೆಟ್ಟಿಗೆ ಮುಚ್ಚಿದ ಶಬ್ದ. ಹೊಂಡ ಬಂದರೂ ಗಡಗಡವಿಲ್ಲ. ಕನ್ನಡಿಯಲ್ಲಿ ಮಗಳು ಕಾಣುತ್ತಿದ್ದಳು, ಪಕ್ಕದಲ್ಲಿ ಮಾವ, ಅವಳ ಸೀರೆಯ ಅಂಚು ನೆಲದ ಮೇಲೆ ನಿಶ್ಚಿಂತೆಯಾಗಿ ಬಿದ್ದಿತ್ತು. ಸಂತೋಷವಾಗಬೇಕಾದ ಹೊತ್ತಿನಲ್ಲಿ ಪ್ರತಿಯೊಂದು ಹೊಂಡಕ್ಕೂ ನಾನು ಕಿವಿಗೊಡುತ್ತಿದ್ದೆ. ಎಲ್ಲಾದರೂ ಒಂದು ಕಿರ್ ಎನ್ನಲಿ ಎಂದು.

ಅರ್ಧ ದಾರಿಯ ಸಿದ್ದಕಟ್ಟೆಯಲ್ಲಿ, ನೆಂಟರಿದ್ದ ಹಿಂದಿನ ಬಸ್ಸು ಬರಲಿ ಎಂದು ನಿಲ್ಲಿಸಿದೆವು. ಕೆಳಗಿಳಿದು ಅಭ್ಯಾಸಬಲದಿಂದ ಕಾರಿಗೆ ಒಂದು ಸುತ್ತು ಬಂದೆ. ಎಡಗಡೆಯ ಹೆಡ್‌ಲೈಟಿನ ಕೆಳಗೆ, ಮಾಲೆಯ ಮರೆಯಲ್ಲಿ, ಬಣ್ಣ ಉಬ್ಬಿತ್ತು. ಹೆಸರುಕಾಳಿನಷ್ಟು. ಒಂದೇ ಒಂದು. ಉಗುರಿನಿಂದ ಒತ್ತಿದೆ. ಟಕ್ ಎಂದು ಒಡೆದು ಕೆಂಪು ಪುಡಿ ಬೆರಳಿಗೆ ಹತ್ತಿತು.

ಮಗಳ ಮದುವೆಯ ದಿನ ನನಗೆ ಅತ್ಯಂತ ಖುಷಿ ಕೊಟ್ಟದ್ದು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಸುಳ್ಳು ಹೇಳಬೇಕಾಗುತ್ತದೆ.

ಯಾರಿಗೂ ಹೇಳಲಿಲ್ಲ. ಮಾಲೆಯನ್ನು ಸ್ವಲ್ಪ ಸರಿಸಿ ಅದನ್ನು ಮುಚ್ಚಿದೆ. ಮದುವೆ ಮುಗಿಯಿತು, ಮಗಳು ಗಂಡನ ಮನೆಗೆ ಹೋದಳು. ಆ ಹೆಸರುಕಾಳಿನ ಗುಟ್ಟು ನನ್ನ ಹತ್ತಿರ ಉಳಿಯಿತು. ಒಂದು ಮಳೆಗಾಲ ಸುಮ್ಮನಿದ್ದರೆ ಸಾಕು, ಆ ತುಕ್ಕು ಅವಲಕ್ಕಿಯಷ್ಟಾಗುತ್ತದೆ, ರೂಪಾಯಿ ನಾಣ್ಯದಷ್ಟಾಗುತ್ತದೆ, ಆಚೆ ವರ್ಷ ಬೆರಳು ತೂರುತ್ತದೆ. ಏನೂ ಮಾಡುವುದು ಬೇಡ, ಬಾಯಿ ಮುಚ್ಚಿಕೊಂಡಿದ್ದರೆ ಆಯಿತು. ಆದರೆ ನನಗೆ ಬಾರದ ಕೆಲಸ ಅದೊಂದೇ. ತುಕ್ಕು ಕಂಡೂ ಸಲಹೆ ಕೊಡದೆ ಇರುವುದು ಹಸಿವಾಗಿ ಉಣ್ಣದೆ ಇದ್ದ ಹಾಗೆ. ಜೂನ್ ತಿಂಗಳ ಮೊದಲ ಮಳೆ ಬಿದ್ದ ಮರುದಿನ ಪುತ್ತಿಗೆಗೆ ಹೋದೆ. ಒಳ್ಳೆಯತನದಿಂದ ಹೋದೆನೆಂದು ಬರೆದರೆ ತಪ್ಪಾದೀತು. ಅವರ ಮುಖ ಬಾಡುವುದನ್ನು ಒಂದು ಸಲ ನೋಡಬೇಕಿತ್ತು.

"ಭಾವ, ನಿಮ್ಮ ಕಾರಿಗೂ ಹಿಡಿದಿದೆ," ಎಂದೆ.

ಅವರು ಕನ್ನಡಕ ಹಾಕಿ ಬಗ್ಗಿ ನೋಡಿದರು. ಮುಖ ಬಾಡಲಿಲ್ಲ. "ಹೌದಲ್ಲ! ನನ್ನ ಕಣ್ಣಿಗೆ ಬೀಳ್ಲೇ ಇಲ್ಲ. ಒಳ್ಳೆದಾಯ್ತು ನೀವು ನೋಡಿದ್ದು," ಎಂದು ಒಳಗೆ ಹೋಗಿ ಸ್ಯಾಂಡ್ ಪೇಪರನ್ನೂ ಡೈರಿಯನ್ನೂ ತಂದರು. ಪೆನ್ನು ಬಿಚ್ಚಿದರು. "ಇಲ್ಲಿಗೆ ನೀರು ಯಾಕೆ ಹೋಗ್ತದೆ? ಹೇಳಿ, ಬರ್ಕೊಳ್ತೇನೆ."

ಹೇಳಿದೆ. ಲೈಟಿನ ಹಿಂದೆ ಚಕ್ರದ ಕೆಸರು ಸೇರಿ ಒದ್ದೆಯಾಗಿ ಕೂರುತ್ತದೆ. ಹೊರಗಿನಿಂದ ಕೆರೆದರೆ ಸಾಲದು, ಒಳಗಿನಿಂದ ತೊಳೆಯಬೇಕು. ಅವರು ಬರೆದುಕೊಂಡರು. ಮನೆಗೆ ಬರುವ ಬಸ್ಸಿನಲ್ಲಿ ಕೂತಾಗ ಹೊಳೆಯಿತು, ಮತ್ತೊಂದು ಸಲ ಬಿಟ್ಟಿ ಕೊಟ್ಟು ಬಂದೆ.

ಆದರೆ ಈ ಸಲ ಬಸ್ಸಿಳಿದವನು ಮನೆಗೆ ಹೋಗಲಿಲ್ಲ. ನೇರವಾಗಿ ಅಂಗಡಿಯ ಹಿಂದೆ ಹೋಗಿ ನನ್ನ ಕಾರಿನ ಹೆಡ್‌ಲೈಟಿನ ಹಿಂದಿನ ಕೆಸರು ತೆಗೆದೆ. ಬಿಚ್ಚಿಟ್ಟಿದ್ದ ಬಾಗಿಲುಗಳ ಅಂಟು ಕೆರೆದು ತೂತು ಬಿಡಿಸಿದೆ. ತಿಂಗಳೊಳಗೆ ಟಿಂಕರ್ ಬಾಗಿಲು, ಚಕ್ರ ಎಲ್ಲ ಕೂರಿಸಿಕೊಟ್ಟರು. ಟಾರ್ಪಾಲನ್ನು ಕೊಂಡ ಬೆಲೆಗೇ, ಅಂದರೆ ಬಿಟ್ಟಿಗೆ, ಟಿಂಕರಿಗೆ ಕೊಟ್ಟೆ. ಗೇರುಎಣ್ಣೆ ಹಚ್ಚಿದಾಗ ನನ್ನ ಮುಂಗೈಗೂ ಎರಡು ಬೊಕ್ಕೆ ಬಂತು. ಹೆಂಡತಿ ನೋಡಿ "ಅಣ್ಣನಿಗೆ ಇದ್ದದ್ದೆಲ್ಲ ನಿಮಗೂ ಬೇಕು," ಎಂದಳು.

ಮದುವೆಯಾದ ಮೊದಲ ಆಟಿಯಲ್ಲಿ, ಅಂದರೆ ಜುಲೈ ನಡುವಿನಿಂದ ಬರುವ ಮಳೆ ತಿಂಗಳಲ್ಲಿ, ಹುಡುಗಿಯನ್ನು ತವರಿಗೆ ಕರೆದುಕೊಂಡು ಬರುವುದು ನಮ್ಮ ತುಳುನಾಡಿನ ಕ್ರಮ. ಆ ಕರೆತರುವ ಕೆಲಸಕ್ಕೆ ಮಾವನನ್ನು ಯಾರೂ ಕಾಯುವುದಿಲ್ಲ. ಮಳೆಯಲ್ಲಿ ಬಣ್ಣ ಹೊಡೆಸಬಾರದು, ಒಳಗೆ ತೇವ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಬೂದು ಪ್ರೈಮರಿನಲ್ಲೇ ಇದ್ದ ಕಾರನ್ನು ತೆಗೆದುಕೊಂಡು ಹೋದೆ. ನೋಡಲು ಸೂತಕದ ಕಾರಿನ ಹಾಗಿತ್ತು. ಮಗಳು ಕೊಡೆ ಹಿಡಿದು ಬಂದು ಬಾಗಿಲು ತೆರೆದಳು. ಮೊದಲು ಬಗ್ಗಿ ನೆಲ ನೋಡಿದಳು. ಚಪ್ಪಲಿಯ ತುದಿಯಿಂದ ತಟ್ಟಿ ನೋಡಿದಳು. ನನ್ನ ಮಗಳೇ, ಸಂಶಯವಿಲ್ಲ.

ಸೀರೆ ಎತ್ತಿ ಹಿಡಿಯದೆ ಕೂತಳು. ದಾರಿಯಲ್ಲಿ ಮೊದಲ ಹೊಂಡಕ್ಕೆ ಚಕ್ರ ಇಳಿಯಿತು, ಕಾರಿನ ಅಡಿಗೆ ನೀರು ಧಡ್ ಎಂದು ಬಡಿಯಿತು. ನಾನು ಕನ್ನಡಿ ನೋಡಿದೆ. ಅವಳು ಕೆಳಗೆ ನೋಡುತ್ತಿದ್ದಳು. ಒಂದು ಹನಿಯೂ ಬರಲಿಲ್ಲ.

"ಅಪ್ಪ, ಇದು ಪೂರಾ ಮಾವ ಮಾಡಿದ್ದಾ?" ಎಂದು ಕೇಳಿದಳು.

ಸ್ಟೀರಿಂಗು ಹಿಡಿದ ಕೈಯ ಬೊಕ್ಕೆ ಚುರ್ ಎಂದಿತು. ಗೇರು ಬದಲಿಸಿ ಮುಂದಿನ ಹೊಂಡ ದಾಟಿಸಿದೆ.

"ಹೌದು, ಮಾವನೇ ಉಜ್ಜಿದ್ದು," ಎಂದೆ. "ನಾನು ಹೇಳಿಕೊಟ್ಟ ಹಾಗೆ."